ಅತ್ತೆಯ ಆರನೇ ಚಮಚ

ಹಂಗಾಮಿಯ ಹೆಂಡತಿ ಅವತ್ತು ಬೆಳಿಗ್ಗೆ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ಗಂಡನ ಊಟದ ಚಮಚ ಬಳಸಿದಳು. ಮುಚ್ಚಳ ಏಳಲಿಲ್ಲ. ಚಮಚ ಮಾತ್ರ ಬೆನ್ನು ಬಗ್ಗಿಸಿ ಶರಣಾಯಿತು. ನಾಲ್ಕು ದೇಶದ ಎಂಜಿನಿಯರುಗಳು ಒಬ್ಬರ ಕಾಲರಿಗೆ ಒಬ್ಬರು ಕೈಹಾಕುವವರೆಗೆ ಹೋದ ಆ ದಿನದ ರಾದ್ಧಾಂತಕ್ಕೆ ಮೂಲ ಇಷ್ಟೇ.

"ಹೋಗ್ಲಿ ಬಿಡು, ಕೈಯಲ್ಲೇ ತಿನ್ತೀನಿ," ಎಂದ ಹಂಗಾಮಿ.

"ಕೆಲಸ ಕಾಯಂ ಆಗೋ ದಿನ ಯಾರಾದ್ರೂ ಬಟಾಣೀನ ಕೈಯಲ್ಲಿ ತಿನ್ತಾರೇನ್ರೀ? ದೊಡ್ಡ ಸಾಹೇಬ್ರು ನೋಡಿದ್ರೆ ಏನಂದ್ಕೊಳಲ್ಲ?"

ಅವಳು ಕಪಾಟಿನ ಮೇಲರೆಯಿಂದ ಮಖಮಲ್ಲಿನ ಪೆಟ್ಟಿಗೆಯೊಂದನ್ನು ಇಳಿಸಿದಳು. ಒಳಗೆ ಆರು ಚಮಚ, ಹಿಡಿಯ ಮೇಲೆ ಹೂವಿನ ಕೆತ್ತನೆ. ಮದುವೆಯಲ್ಲಿ ಅಳಿಯನಿಗೆಂದು ಅತ್ತೆ ಕೊಟ್ಟದ್ದು. ಹನ್ನೆರಡು ವರ್ಷದಲ್ಲಿ ಒಂದಕ್ಕೂ ಅನ್ನದ ಋಣ ಒದಗಿರಲಿಲ್ಲ. ಹೊರದೇಶದ ಚಮಚ ಎಂದು ಅತ್ತೆ ಬಂದಾಗಲೆಲ್ಲ ಹೇಳುತ್ತಿದ್ದರು. ಹೇಳಿದ ಮೇಲೆ ಪೆಟ್ಟಿಗೆ ತೆಗೆಸಿ ಎಣಿಸುತ್ತಿದ್ದರು.

"ಐದು ಇಲ್ಲಿರ್ತವೆ. ಆರನೇದನ್ನ ಕೊಡ್ತಿದ್ದೀನಿ. ಸಂಜೆ ಅಮ್ಮ ಬರ್ತಾಳೆ, ನೀರು ಕುಡಿಯೋಕೆ ಮುಂಚೆ ಎಣಿಸ್ತಾಳೆ. ಚಮಚ ಬರ್ಲಿಲ್ಲ ಅಂದ್ರೆ ನೀವೂ ಬರ್ಬೇಡಿ."

"ಹೊರದೇಶದ್ದಂತೆ! ಮೂಲೆ ಅಂಗಡೀಲಿ ಸೋಪಿನ ಜೊತೆ ಬಿಟ್ಟಿ ಬಂದಿದ್ದನ್ನ ನಿಮ್ಮಮ್ಮ..." ಎಂದು ಶುರುಮಾಡಿದವನು ಹೆಂಡತಿಯ ಮುಖ ನೋಡಿ ಉಳಿದ ಮಾತನ್ನು ಚಹಾದ ಜೊತೆ ನುಂಗಿಕೊಂಡ.

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಕಾರಿನ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹನ್ನೊಂದು ವರ್ಷದಿಂದ ಅವನ ಹೆಸರಿಗಿಂತ ಮುಂಚೆ 'ಹಂಗಾಮಿ ತಪಾಸಣೆಗಾರ' ಎಂದು ಬರೆಯುತ್ತಿದ್ದರು. ಮೊದಲು ಗೇಟಿನವನು ಹಂಗಾಮಿ ಎಂದು ಕರೆದ. ಆಮೇಲೆ ಕಾರ್ಖಾನೆ ಕರೆಯಿತು, ಬೀದಿ ಕರೆಯಿತು, ಕೊನೆಗೆ ಹಾಲಿನವನ ಬಾಯಲ್ಲೂ ಅದೇ ನಿಂತಿತು. ಅವನ ಜೀವನದಲ್ಲಿ ಕಾಯಂ ಆಗಿದ್ದದ್ದು ಆ ಹೆಸರೊಂದೇ.

ಇವತ್ತು ಅದು ಹೋಗಬೇಕಿತ್ತು. ಕಾರ್ಖಾನೆಯ ಮೊಟ್ಟಮೊದಲ ಐಷಾರಾಮಿ ಕಾರು ಸಂಜೆ ನಾಲ್ಕರೊಳಗೆ ಗೇಟು ದಾಟಿದರೆ ಹಂಗಾಮಿ ಕಾಯಂ ಎಂದು ಮ್ಯಾನೇಜರು ಮಾತು ಕೊಟ್ಟಿದ್ದ. ಬರೀ ಮಾತಲ್ಲ, ಆರ್ಡರು ಟೈಪಾಗಿ, ಕಂಪನಿಯ ಅಧ್ಯಕ್ಷರ ಸಹಿಯೂ ಬಿದ್ದು, ಮ್ಯಾನೇಜರ ಮೇಜಿನ ಡ್ರಾಯರಿನಲ್ಲಿ ಮಲಗಿತ್ತು. ಹಂಗಾಮಿ ಅದನ್ನು ಕಣ್ಣಾರೆ ನೋಡಿ ಬಂದು ಹೆಂಡತಿಗೆ ಹೇಳಿದ್ದ. ಹೆಂಡತಿ ಮೇಲ್ಮನೆಯಾಕೆಗೆ ಮಾತ್ರ ಹೇಳಿದ್ದಳು. ಹಾಗಾಗಿ ಊರಿಗೆಲ್ಲ ಗೊತ್ತಾಗಿತ್ತು.

"ಕಾಯಂ ಆದ್ರಂತೆ? ಸಂಜೆ ಸಿಹಿ ಮರೀಬೇಡಿ!" ಎಂದು ಮೇಲ್ಮನೆಯಾಕೆ ಮೆಟ್ಟಿಲಿನಿಂದಲೇ ಕೂಗಿದಳು. ಹಂಗಾಮಿ ತಲೆಯಾಡಿಸಿ ಬಸ್ಸು ಹತ್ತಿದ.

ಆ ಕಾರನ್ನು ಕಟ್ಟಿದ ರೀತಿಯೇ ಒಂದು ತಮಾಷೆ. ಎಂಜಿನ್ ಒಂದು ದೇಶದಿಂದ ಮರದ ಪೆಟ್ಟಿಗೆಯಲ್ಲಿ ಬಂದಿತ್ತು. ಮೈಯ ತಗಡು ಇನ್ನೊಂದು ದೇಶದ್ದು. ಚರ್ಮದ ಸೀಟುಗಳು ಮೂರನೆಯ ದೇಶದಿಂದ ರಾಜಕುಮಾರಿಯರ ಹಾಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಬಂದಿದ್ದವು. ತಂತಿ, ಪರದೆ, ಗುಂಡಿಗಳೆಲ್ಲ ನಾಲ್ಕನೆಯದರದು. ಆ ದೇಶಗಳಿಗೆಲ್ಲ ಒಳ್ಳೊಳ್ಳೆಯ ಹೆಸರುಗಳಿದ್ದರೂ ಕಾರ್ಖಾನೆಯಲ್ಲಿ ಅವು ಎಂಜಿನ್ ದೇಶ, ತಗಡು ದೇಶ, ಸೀಟು ದೇಶ, ತಂತಿ ದೇಶ. ಇವೆಲ್ಲವನ್ನೂ ಬೋಲ್ಟು ಬಿಗಿದು ಜೋಡಿಸುವುದು ನಮ್ಮವರ ಕೆಲಸ. ಬೋಲ್ಟು ಕೂಡ ತಗಡು ದೇಶದ್ದೇ. ಕಾರಿನಲ್ಲಿ ಅಪ್ಪಟ ನಮ್ಮದು ಎನ್ನುವಂಥದ್ದು ಚಕ್ರದೊಳಗಿನ ಗಾಳಿ ಒಂದೇ.

ಕಾರಿನ ಜೊತೆಗೇ ಒಂದು ದೋಷಪಟ್ಟಿ ಇರುತ್ತಿತ್ತು. ಅದರಲ್ಲಿ ನಾಲ್ಕು ಕಾಲಂ, ದೇಶಕ್ಕೊಂದು. ಯಾವ ದೋಷ ಕಂಡರೂ ಅದನ್ನು ನಾಲ್ಕರಲ್ಲಿ ಒಂದು ದೇಶದ ತಲೆಗೆ ಕಟ್ಟಬೇಕು, ಆ ದೇಶದವರು ಒಪ್ಪಿ ಸಹಿ ಹಾಕಬೇಕು. ಐದನೆಯ ಕಾಲಂ ಇರಲಿಲ್ಲ. ಗಾಳಿಯಲ್ಲಿ ಏನು ದೋಷ ಹುಡುಕುತ್ತೀರಿ?

ಕಾರಿನೊಳಗೆ ಕೂತು, ಅಲುಗಾಡಿಸಿ, ಓಡಿಸಿ, ಎಲ್ಲಾದರೂ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳುವುದು ಹಂಗಾಮಿಯ ಕೆಲಸ. ಕಿವಿ ಚುರುಕಾಗಿತ್ತು. ಹೊಟ್ಟೆ ಇನ್ನೂ ಚುರುಕು. ಇದಕ್ಕೆ ಅಡ್ಡಿಯಾಗಿದ್ದವನು ಸ್ಟೋರಿನ ಗುಮಾಸ್ತ. "ಸ್ವಲ್ಪ ರುಚಿ ನೋಡೋಣ" ಎಂದು ಕೈ ಚಾಚಿದರೆ ಡಬ್ಬಿಯ ತಳ ಕಾಣುವವರೆಗೆ ಅವನಿಗೆ ರುಚಿ ತಿಳಿಯುತ್ತಿರಲಿಲ್ಲ. ಅವನನ್ನು ಎಲ್ಲರೂ ರುಚಿನೋಡಪ್ಪ ಎನ್ನುತ್ತಿದ್ದರು. ಅವನಿಂದ ತಪ್ಪಿಸಿಕೊಳ್ಳಲು ಹಂಗಾಮಿ ತನ್ನ ಡಬ್ಬಿಯನ್ನು ತಪಾಸಣೆಯ ಕಾರಿನಲ್ಲೇ ಬಚ್ಚಿಡುತ್ತಿದ್ದ. ತಪಾಸಣೆಯ ಕಾರನ್ನು ತಪಾಸಣೆಗಾರನ ಹೊರತು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಲೋಕದಲ್ಲೇ ಇಷ್ಟು ಭದ್ರವಾದ ಊಟದ ಕಪಾಟು ಇನ್ನೊಂದು ಇರಲಿಕ್ಕಿಲ್ಲ.

ಹನ್ನೊಂದು ಗಂಟೆಗೆ ಹಂಗಾಮಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಗಾಜು ಏರಿಸಿ, ಡಬ್ಬಿ ಬಿಚ್ಚಿದ. ನಾಲ್ಕಕ್ಕೆ ಕಾಯಂ ಆಗುವವನು ಹನ್ನೊಂದಕ್ಕೆ ಊಟ ಮಾಡಿದರೆ ತಪ್ಪೇನು? ಬೇಯಿಸಿದ ಬಟಾಣಿ, ಆಲೂಗಡ್ಡೆ. ಅತ್ತೆಯ ಚಮಚದಲ್ಲಿ ಎರಡು ತುತ್ತು ತಿಂದ. ಸೀಟು ಮೆತ್ತಗಿತ್ತು, ಬಟಾಣಿಯೂ ಮೆತ್ತಗಿತ್ತು. ಮೂರನೆಯ ತುತ್ತು ಬಾಯಿಯ ಹತ್ತಿರ ಬಂದಾಗ ಯಾರೋ ಗಾಜು ತಟ್ಟಿದರು.

ಮ್ಯಾನೇಜರು! ಅವನ ಪಕ್ಕದಲ್ಲಿ ಕೋಟು ತೊಟ್ಟ ಅಧ್ಯಕ್ಷರು! ಮೂರು ಗಂಟೆಗೆ ಬರಬೇಕಾದವರು ಹನ್ನೊಂದಕ್ಕೇ ಬಂದಿದ್ದರು.

ಹಂಗಾಮಿ ಗಡಬಡಿಸಿ ಮುಚ್ಚಳ ಒತ್ತಿದ. ಡಬ್ಬಿ ಅಂಗಿಯೊಳಗೆ ಹೋಯಿತು. ಚಮಚ ಕೈತಪ್ಪಿ, ಸೀಟಿಗೂ ಅದರ ಬೆನ್ನಿಗೂ ನಡುವಿನ ಸಂದಿಗೆ ಜಾರಿತು. ಎರಡು ಬೆರಳು ಹಾಕಿ ಹಿಡಿದ. ಹಿಡಿದಷ್ಟೂ ಅದು ಒಳಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತಿನ ಜೊತೆ ಚಮಚವೂ ಹೋಗಿತ್ತು.

"ಏನಯ್ಯಾ ಮಾಡ್ತಿದ್ದೀಯ ಒಳಗೆ?" ಎಂದ ಮ್ಯಾನೇಜರು ಬಾಗಿಲು ತೆಗೆದು.

"ಸೀಟು... ಸೀಟಿನ ಮೆದುತನ ಪರೀಕ್ಷೆ ಸಾರ್."

"ಸರಿ, ಇಳಿ. ಅಧ್ಯಕ್ಷರು ಒಂದು ಸುತ್ತು ಹೋಗ್ತಾರಂತೆ. ನೀನೇ ಓಡ್ಸು."

ಅಧ್ಯಕ್ಷರು ಹಿಂದೆ ಕೂತರು, ಮ್ಯಾನೇಜರು ಮುಂದೆ. ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಪರೀಕ್ಷೆಗೆಂದೇ ಕಟ್ಟಿದ ರಸ್ತೆಯಲ್ಲಿ ಐದು ಹಂಪುಗಳಿದ್ದವು. ಮೊದಲನೆಯದನ್ನು ಕಾರು ಬೆಣ್ಣೆಯ ಹಾಗೆ ದಾಟಿತು. ದಾಟಿದ ಮೇಲೆ ಹಿಂದಿನಿಂದ ಸಣ್ಣಗೆ, ಸ್ಪಷ್ಟವಾಗಿ ಕೇಳಿತು:

ಟಿಣ್!

"ಏನದು?" ಎಂದು ಮ್ಯಾನೇಜರು ಪಿಸುಗುಟ್ಟಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಹಂಗಾಮಿ ಅಂಗಿಯೊಳಗಿನ ಡಬ್ಬಿ ಮುಟ್ಟಿ ನೋಡಿಕೊಂಡ. "ಯಾವುದು ಸಾರ್?"

ಟಿಣ್! ಟಿಣ್! ಟಿಣ್! ಟಿಣ್! ಐದು ಹಂಪಿಗೆ ಐದು ಟಿಣ್, ಒಂದೂ ತಪ್ಪಲಿಲ್ಲ. ಮ್ಯಾನೇಜರು ಕನ್ನಡಿಯಲ್ಲಿ ಹಿಂದೆ ನೋಡಿದ. ಅಧ್ಯಕ್ಷರು ಕಣ್ಣು ಮುಚ್ಚಿದ್ದರು. ಸದ್ಯ, ನಿದ್ದೆ! ಕಾರು ನಿಂತಾಗ ಅವರು ಕಣ್ಣು ಬಿಟ್ಟು, ಏನೂ ಹೇಳದೆ, ಕೋಟನ್ನು ಅಲ್ಲೇ ಸೀಟಿನ ಮೇಲೆ ಬಿಟ್ಟು ಊಟಕ್ಕೆ ಹೋದರು. ಮೂರೂವರೆಗೆ ಮತ್ತೆ ಒಂದು ಸುತ್ತು, ಆಮೇಲೆ ಸೀದಾ ವಿಮಾನ ನಿಲ್ದಾಣ ಎಂದು ಅವರ ಕಾರ್ಯದರ್ಶಿ ಹೇಳಿದ.

ಮ್ಯಾನೇಜರು ಹಂಗಾಮಿಯ ಕೊರಳಪಟ್ಟಿ ಹಿಡಿದ. "ಮೂರೂವರೆ ಒಳಗೆ ಆ ಟಿಣ್ ಹೋಗ್ಬೇಕು. ಇಲ್ಲಾಂದ್ರೆ ಡ್ರಾಯರಲ್ಲಿರೋ ಆರ್ಡರ್ ಹರಿದು ಹಾಕ್ತೀನಿ."

"ಐದು ನಿಮಿಷ ನನ್ನೊಬ್ಬನ್ನೇ ಕಾರಿನ ಹತ್ರ ಬಿಡಿ ಸಾರ್, ಸಾಕು."

"ಒಬ್ಬನೇ ಏನ್ ಕಿಸಿತೀಯ? ನಾಲ್ಕೂ ದೇಶದವರನ್ನ ಕರೀರೋ!"

ನಾಲ್ವರೂ ಬಂದರು. ಎಂಜಿನ್ ಸಾಹೇಬ, ತಗಡು ಸಾಹೇಬ, ಸೀಟು ಸಾಹೇಬ, ತಂತಿ ಮೇಡಂ. ಜೊತೆಗೆ ಅವರ ಮಾತನ್ನು ನಮಗೂ ನಮ್ಮ ಮಾತನ್ನು ಅವರಿಗೂ ದಾಟಿಸುವ ದುಭಾಷಿ. ಈಕೆ ಒಬ್ಬಳೇ ನಾಲ್ಕು ಭಾಷೆಯ ಜಗಳಗಳನ್ನು ಎರಡು ವರ್ಷದಿಂದ ಸಾಗಿಸಿ ಸಾಗಿಸಿ ಸುಸ್ತಾಗಿದ್ದಳು. ಹಂಗಾಮಿ ನಾಲ್ವರನ್ನೂ ಕೂರಿಸಿಕೊಂಡು ಒಂದು ಸುತ್ತು ಹೊಡೆದ. ಭಾರ ಹೆಚ್ಚಾಗಿದ್ದಕ್ಕೋ ಏನೋ, ಟಿಣ್ ಇನ್ನೂ ಇಂಪಾಗಿ ಕೇಳಿತು. ಇಳಿದವರೇ ನಾಲ್ವರೂ ಒಟ್ಟಿಗೆ ಮಾತಾಡತೊಡಗಿದರು. ಎಂಜಿನ್ ಸಾಹೇಬನಂತೂ ಉಸಿರು ಬಿಡದೆ ಮೂರು ನಿಮಿಷ ಕೂಗಾಡಿದ.

"ಏನಂತೆ?" ಎಂದ ಮ್ಯಾನೇಜರು.

"ಎಂಜಿನ್ ನಮ್ದು, ಶಬ್ದ ನಮ್ದಲ್ಲ, ಅಂತ," ಎಂದಳು ದುಭಾಷಿ.

"ಅಷ್ಟೇನಾ? ಅಷ್ಟೊತ್ತು ಕೂಗಿದ್ರಲ್ಲ?"

"ಉಳಿದಿದ್ದು ತಗಡು ದೇಶದವರ ಅಜ್ಜ ಅಜ್ಜಿ ವಿಚಾರ. ಅದನ್ನ ಅನುವಾದ ಮಾಡೋಕೆ ನನಗೆ ಸಂಬಳ ಕೊಡ್ತಿಲ್ಲ."

ಹೆತ್ತವರಿಗೆ ಹೆಗ್ಗಣ ಮುದ್ದು. ತಗಡು ಸಾಹೇಬ ತನ್ನ ತಗಡನ್ನು ತಟ್ಟಿ ತೋರಿಸಿ, ಇದು ಟಿಣ್ ಎನ್ನುವ ಜಾತಿಯ ತಗಡಲ್ಲ, ಧಡ್ ಎನ್ನುವ ಜಾತಿಯದು ಎಂದ. ಸೀಟು ಸಾಹೇಬ, ಚರ್ಮ ಎಲ್ಲಾದರೂ ಟಿಣ್ ಎನ್ನುತ್ತದೆಯೇ ಎಂದು ತನ್ನ ಕೆನ್ನೆಯನ್ನೇ ತಟ್ಟಿಕೊಂಡ. ತಂತಿ ಮೇಡಂ ಪರದೆಯ ಮೇಲೆ 'ಎಲ್ಲವೂ ಸರಿಯಾಗಿದೆ' ಎಂದು ಹಸಿರು ಅಕ್ಷರ ಮೂಡಿಸಿ ಅದರತ್ತ ಬೆರಳು ತೋರಿಸಿದಳು.

"ನೀನ್ ಹೇಳು ಹಂಗಾಮಿ," ಎಂದ ಮ್ಯಾನೇಜರು. "ಕಿವಿ ನಿಂದು. ಯಾವ ಕಾಲಮ್ಮಿಗೆ ಬರೀತೀಯ?"

ಎಲ್ಲರೂ ಅವನ ಕೈಯಲ್ಲಿದ್ದ ದೋಷಪಟ್ಟಿಯನ್ನೇ ನೋಡಿದರು. ಅತ್ತೆಯ ಚಮಚಕ್ಕೆ ಅದರಲ್ಲಿ ಎಲ್ಲಿ ಜಾಗ? "ಸ್ವಲ್ಪ ಯೋಚನೆ ಮಾಡ್ತೀನಿ ಸಾರ್," ಎಂದು ಹಂಗಾಮಿ ತೊದಲಿದ.

ಅವನು ಯೋಚನೆ ಮಾಡುತ್ತೇನೆ ಎಂದದ್ದು ನಾಲ್ಕು ಭಾಷೆಗೂ ಬೇರೆ ಥರ ದಾಟಿರಬೇಕು. ಎಂಜಿನ್ ಸಾಹೇಬ ಅವನನ್ನು ಕಂಬದ ಮರೆಗೆ ಎಳೆದು ಒಂದು ಒಳ್ಳೆಯ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ತಗಡಿನ ಕಾಲಂ ಕಡೆ ಕಣ್ಣು ಹೊಡೆದ. ತಗಡು ಸಾಹೇಬ ತನ್ನ ದೇಶದ ಟೋಪಿಯನ್ನು ತಂದು ತಲೆಗಿಟ್ಟು ಸೀಟಿನ ಕಾಲಂ ತೋರಿಸಿದ. ಸೀಟು ಸಾಹೇಬ ಚರ್ಮದ ಕೀ ಗೊಂಚಲು ಕೊಟ್ಟ. ತಂತಿ ಮೇಡಂ ಬೆರಳುದ್ದದ ಟಾರ್ಚು ಕೊಟ್ಟು ಎಂಜಿನ್ ಕಾಲಂ ತೋರಿಸಿದಳು. ಹನ್ನೊಂದು ವರ್ಷದಲ್ಲಿ ಯಾರೂ ಒಂದು ಲೋಟ ಚಹಾ ಕೊಡಿಸದಿದ್ದ ಹಂಗಾಮಿ, ಹತ್ತೇ ನಿಮಿಷದಲ್ಲಿ ಜಾತ್ರೆ ಮುಗಿಸಿ ಬಂದವನ ಹಾಗೆ ಕಾಣತೊಡಗಿದ.

ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ನೋಡಿದರು. ಆಮೇಲೆ ಕಾಲರಿಗೆ ಕೈ ಹೋಯಿತು. ದುಭಾಷಿ ಒಂದು ಕುರ್ಚಿ ಎಳೆದುಕೊಂಡು ಕೂತಳು, ಅನುವಾದ ಬೇಕಾಗಿರಲಿಲ್ಲ.

ಮ್ಯಾನೇಜರು ಬಿಡಿಸುವ ಹೊತ್ತಿಗೆ ಪ್ರತಿಯೊಬ್ಬರೂ ತಮ್ಮ ಭಾಗ ನಿರ್ದೋಷಿ ಎಂದು ಬಿಚ್ಚಿಯೇ ತೋರಿಸುವುದಾಗಿ ಹಟ ಹಿಡಿದಿದ್ದರು. ಎಂಜಿನ್ ಸಾಹೇಬ ಎಂಜಿನ್ ಎತ್ತಿಸಿ ಮೇಜಿನ ಮೇಲಿಟ್ಟ. ತಗಡು ಸಾಹೇಬ ನಾಲ್ಕೂ ಬಾಗಿಲು ಕಳಚಿ ಗೋಡೆಗೆ ಒರಗಿಸಿದ. ತಂತಿ ಮೇಡಂ ಪರದೆ ಕಿತ್ತು, ತಂತಿಗಳನ್ನು ಕೂದಲು ಬಿಚ್ಚಿದ ಹಾಗೆ ಹರವಿದಳು. ಸೀಟು ಸಾಹೇಬ ಮುಂದಿನ ಸೀಟುಗಳನ್ನು ಹೊರಗಿಟ್ಟ. ಎರಡು ವರ್ಷದಲ್ಲಿ ನಾಲ್ಕು ದೇಶ ಕೂಡಿ ಕಟ್ಟಿದ್ದನ್ನು ಒಂದೂವರೆ ಗಂಟೆಯಲ್ಲಿ ಅದೇ ನಾಲ್ಕು ದೇಶ ಕೂಡಿ ಬಿಚ್ಚಿ ಹಾಕಿತು. ಉಳಿದದ್ದು ಹಿಂದಿನ ಸೀಟು ಮಾತ್ರ. ಅದರ ಮೇಲೆ ಅಧ್ಯಕ್ಷರ ಕೋಟು ಇತ್ತು. ಕೋಟು ಮುಟ್ಟುವ ಧೈರ್ಯ ಯಾವ ದೇಶಕ್ಕೂ ಬರಲಿಲ್ಲ.

ಗಂಟೆ ಎರಡು ದಾಟಿತ್ತು. ಹಂಗಾಮಿ ಬೆವರು ಒರೆಸಿಕೊಳ್ಳುತ್ತಾ ಆ ಕೋಟನ್ನೇ ನೋಡುತ್ತಾ ನಿಂತಿದ್ದಾಗ ಹಿಂದಿನಿಂದ ಯಾರೋ ಮೂಗು ಸೆಳೆದ ಸದ್ದಾಯಿತು.

"ಕಾರಲ್ಲಿ ಬಟಾಣಿ ವಾಸನೆ ಬರ್ತಿದೆಯಲ್ಲ ಗುರು," ಎಂದ ರುಚಿನೋಡಪ್ಪ. "ಅಂಗಿ ಒಳಗಿಂದಾನೂ ಬರ್ತಿದೆ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹಂಗಾಮಿ ಅವನ ಕಿವಿಯಲ್ಲಿ ಎಲ್ಲ ಹೇಳಿದ. ರುಚಿನೋಡಪ್ಪ ನಗಲಿಲ್ಲ. ಊಟದ ವಿಷಯದಲ್ಲಿ ಅವನು ಬಹಳ ಗಂಭೀರ ಮನುಷ್ಯ.

"ಇವರನ್ನೆಲ್ಲ ಎರಡು ನಿಮಿಷ ಈ ಕಡೆಯಿಂದ ಎಬ್ಬಿಸ್ತೀನಿ. ಆದ್ರೆ ಆ ಡಬ್ಬಿ ನಂದು. ಇನ್ನು ಒಂದು ವಾರ ನಿನ್ ಡಬ್ಬಿ ನಂದು."

"ಒಂದು ವಾರ ನಾನೇನು ತಿನ್ಲಿ?"

"ಕಾಯಂ ಆಗಿರ್ತೀಯಲ್ಲ, ಸಂತೋಷದಲ್ಲಿ ಹೊಟ್ಟೆ ತುಂಬಿರತ್ತೆ."

ಡಬ್ಬಿ ಕೈ ಬದಲಾಯಿಸಿತು. ರುಚಿನೋಡಪ್ಪ ಬಾಗಿಲ ಹತ್ತಿರ ಹೋಗಿ, "ಅಧ್ಯಕ್ಷರು ಬಂದ್ರು! ಅಧ್ಯಕ್ಷರು ಬಂದ್ರು!" ಎಂದು ಕೂಗಿದ. ಮ್ಯಾನೇಜರು ಟೈ ಸರಿಮಾಡಿಕೊಳ್ಳುತ್ತಾ ಓಡಿದ. ನಾಲ್ಕು ದೇಶ ಅವನ ಹಿಂದೆ ಓಡಿತು.

ಹಂಗಾಮಿ ಕೋಟನ್ನು ಮಗುವನ್ನು ಎತ್ತುವ ಹಾಗೆ ಎತ್ತಿ ಪಕ್ಕಕ್ಕಿಟ್ಟ. ಸೀಟು ಎಬ್ಬಿಸಿದ. ತಂತಿ ಮೇಡಂ ಕೊಟ್ಟ ಟಾರ್ಚಿನ ಬೆಳಕಿನಲ್ಲಿ, ತಗಡಿನ ಒಂದು ಸಣ್ಣ ತಗ್ಗಿನಲ್ಲಿ ಅತ್ತೆಯ ಚಮಚ ಆರಾಮಾಗಿ ಮಲಗಿತ್ತು. ಅದರ ಹೊಟ್ಟೆಗೆ ಒಂದು ಬಟಾಣಿ ಇನ್ನೂ ಅಂಟಿಕೊಂಡಿತ್ತು. ಅವನು ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಕಾಲುಚೀಲದೊಳಗೆ ತೂರಿಸಿದ. ಬಟಾಣಿ ಬಾಯಿಗೆ ಹೋಯಿತು. ಸೀಟು, ಕೋಟು ಎರಡೂ ಮೊದಲಿನ ಜಾಗಕ್ಕೆ ಬಂದವು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಹಂಗಾಮಿ ದೊಡ್ಡದಾಗಿ ಉಸಿರು ಬಿಟ್ಟ.

ಅಧ್ಯಕ್ಷರು ಬಂದಿರಲಿಲ್ಲ ಎಂದು ಗೊತ್ತಾಗಿ ಹಿಂದಿರುಗಿದವರ ಕಣ್ಣಿಗೆ ಬಿದ್ದದ್ದು ನೆಲದ ತುಂಬ ಹರಡಿದ್ದ ಕಾರು. ಗಡಿಯಾರದಲ್ಲಿ ಎರಡೂ ಇಪ್ಪತ್ತು. ನಾಲ್ಕು ದೇಶಗಳೂ ತಲೆಯ ಮೇಲೆ ಕೈ ಹೊತ್ತವು. ಬಿಚ್ಚುವುದು ಅವರಿಗೆ ಬರುತ್ತಿತ್ತು, ಜೋಡಿಸುವುದು ಅವರ ಕಾಲಮ್ಮಿನಲ್ಲಿ ಇರಲಿಲ್ಲ. ಆಗ ಎದ್ದವರು ನಮ್ಮ ಬೋಲ್ಟಿನವರು. ಹನ್ನೆರಡು ಜನ ಅಂಗಿ ತೋಳು ಮಡಚಿ ಬಿದ್ದರು ನೋಡಿ, ಮೂರೂ ಇಪ್ಪತ್ತೈದಕ್ಕೆ ಕಾರು ಮದುವಣಗಿತ್ತಿಯ ಹಾಗೆ ನಿಂತಿತ್ತು. ಎರಡು ಬೋಲ್ಟು ಮಿಕ್ಕಿದ್ದವು. ಅವನ್ನು ಮ್ಯಾನೇಜರು ಜೇಬಿಗೆ ಹಾಕಿಕೊಂಡು, ಮುಂದಿನ ಕಾರಿಗೆ ಆಗುತ್ತದೆ ಎಂದ.

ಅಧ್ಯಕ್ಷರು ಹತ್ತಿದರು. ಹಂಗಾಮಿ ಹೊರಟ. ಒಂದನೇ ಹಂಪು, ಸದ್ದಿಲ್ಲ. ಎರಡನೇದು, ಸದ್ದಿಲ್ಲ. ಮೂರು, ನಾಲ್ಕು, ಐದು. ಕಾರು ಮೌನವ್ರತ ಹಿಡಿದಂತಿತ್ತು. ಮ್ಯಾನೇಜರು ಹಂಗಾಮಿಯ ತೊಡೆ ತಟ್ಟಿದ. ಹಂಗಾಮಿಗೆ ಕಣ್ಣು ತುಂಬಿ ಬಂತು. ಹನ್ನೊಂದು ವರ್ಷ! ಹಾಲಿನವನು ಇನ್ನು ಹೆಸರು ಹಿಡಿದು ಕರೆಯುತ್ತಾನೆ.

ಕಾರು ನಿಂತಿತು. ಅಧ್ಯಕ್ಷರು ಇಳಿಯಲಿಲ್ಲ.

"ಗಂಟೆ ಎಲ್ಲಿ?" ಎಂದರು.

"ಮೂರೂ ಮೂವತ್ತೈದು ಸಾರ್," ಎಂದ ಮ್ಯಾನೇಜರು.

"ಟೈಮು ಕೇಳಿಲ್ಲಪ್ಪಾ. ಬೆಳಿಗ್ಗೆ ಹಂಪ್ ಬಂದಾಗೆಲ್ಲ ಟಿಣ್ ಅಂತಿತ್ತಲ್ಲ, ಅದೆಲ್ಲಿ?"

ಕಾಯುತ್ತಿದ್ದ ನಾಲ್ಕು ದೇಶದವರೂ ದುಭಾಷಿಯೂ ಕಾರಿನ ಹತ್ತಿರ ಬಂದರು.

"ನೀವು ನಾನು ಮಲಗಿದೀನಿ ಅಂದ್ಕೊಂಡ್ರಿ. ನಾನು ಕಣ್ಮುಚ್ಚಿ ಕೇಳ್ತಿದ್ದೆ. ಬೇರೆ ಕಾರಲ್ಲಿ ಹಂಪ್ ಬಂದ್ರೆ ಸೊಂಟಕ್ಕೆ ಗೊತ್ತಾಗತ್ತೆ. ಈ ಕಾರಲ್ಲಿ ಸೊಂಟಕ್ಕೆ ಗೊತ್ತೇ ಆಗಲ್ಲ. ಗೊತ್ತೇ ಆಗದ ಸುಖಕ್ಕೆ ಯಾರು ದುಡ್ಡು ಕೊಡ್ತಾರೆ? ಆ ಟಿಣ್ ಇದ್ರೇನೇ 'ಓಹೋ, ಒಂದು ಹಂಪ್ ದಾಟಿದ್ವಿ, ನಮಗೆ ಏನೂ ಆಗ್ಲಿಲ್ಲ' ಅಂತ ಕೂತವನಿಗೆ ಖುಷಿ. ಇಡೀ ಕಾರಲ್ಲಿ ಬುದ್ಧಿ ಓಡಿಸಿ ಮಾಡಿರೋದು ಅದೊಂದೇ. ಯಾರು ಮಾಡಿದ್ದು?"

ದುಭಾಷಿ ಇದನ್ನು ನಾಲ್ಕು ಭಾಷೆಗೆ ದಾಟಿಸಿದಳು. ದಾಟಿಸಿ ಮುಗಿಸುವ ಮೊದಲೇ ಗೆದ್ದೆತ್ತಿನ ಬಾಲ ಹಿಡಿಯಲು ನಾಲ್ಕು ಕೈ ಮುಂದೆ ಬಂದವು.

"ಎಂಜಿನ್ನಿಂದಲೇ ಬರೋದಂತೆ," ಎಂದಳು ದುಭಾಷಿ. "ತಗಡು ಸಾಹೇಬ್ರು ಹೇಳ್ತಾರೆ, ಅವರ ತಗಡಿನ ನಾದವಂತೆ. ಸೀಟು ಸಾಹೇಬ್ರು, ಚರ್ಮದ್ದು ಅಂತಾರೆ. ಮಧ್ಯಾಹ್ನ ಇವರೇ ನಮ್ದಲ್ಲ ಅಂದಿದ್ರು, ಅದನ್ನ ನಾನು ಅನುವಾದ ಮಾಡಿದ್ದೆ, ನಂಗೆ ನೆನಪಿದೆ."

"ಹಾಗಾದ್ರೆ ಮಾಡಿ ತೋರಿಸಿ," ಎಂದರು ಅಧ್ಯಕ್ಷರು.

ಎಂಜಿನ್ ಸಾಹೇಬ ಎಂಜಿನ್ ಘರ್ಜಿಸುವಂತೆ ಮಾಡಿದ, ಟಿಣ್ ಬರಲಿಲ್ಲ. ತಗಡು ಸಾಹೇಬ ಮುಷ್ಟಿಯಿಂದ ಗುದ್ದಿದ, ಧಡ್ ಎಂದಿತು. ತಂತಿ ಮೇಡಂ ಗುಂಡಿಯೊಂದನ್ನು ಒತ್ತಿ ಸ್ಪೀಕರಿನಿಂದ ಏನೋ ನುಡಿಸಿದಳು. ಇದು ಗಂಟೆಯಲ್ಲ, ಸೀನು ಎಂದು ಅಧ್ಯಕ್ಷರು ತಲೆಯಾಡಿಸಿದರು. ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. ರುಚಿನೋಡಪ್ಪ ಹಿಂದಿನಿಂದ ಹಂಗಾಮಿಯ ಪಕ್ಕೆಗೆ ತಿವಿದ.

"ಹೋಗೋ! ಲಕ್ಷ್ಮಿ ನಿನ್ ಕಾಲುಚೀಲದಲ್ಲಿ ಕೂತಿದಾಳೆ!"

ಹಂಗಾಮಿ ಮುಂದೆ ಬಂದ. ಬಗ್ಗಿ ಕಾಲುಚೀಲದಿಂದ ಚಮಚ ತೆಗೆದ. ಯಾರ ಮುಖವನ್ನೂ ನೋಡದೆ ಅದನ್ನು ಹಿಂದಿನ ಸೀಟಿನ ಸಂದಿಗೆ ಬಿಟ್ಟ. "ಕೂತ್ಕೊಳಿ ಸಾರ್," ಎಂದು ಇನ್ನೊಂದು ಸುತ್ತು ಹೊಡೆದ.

ಟಿಣ್! ಟಿಣ್! ಟಿಣ್! ಟಿಣ್! ಟಿಣ್!

ಅಧ್ಯಕ್ಷರು ಮಗುವಿನ ಹಾಗೆ ನಕ್ಕರು. "ನಿಂದೇನಯ್ಯಾ ಇದು?"

"ನಂದೇ ಸಾರ್," ಎಂದ ಹಂಗಾಮಿ. ಎದೆ ಉಬ್ಬಿತು. ಚಕ್ರದ ಗಾಳಿಯ ನಂತರ ಈ ಕಾರಿನಲ್ಲಿ ನಮ್ಮದು ಎನ್ನುವ ಎರಡನೆಯ ವಸ್ತು! ಐದನೆಯ ಕಾಲಂ ಬರೆಸಬೇಕು, ಅದರಲ್ಲಿ ಮೊದಲ ಹೆಸರು ತನ್ನದು.

"ನಾನೇ ಹೇಳಿ ಮಾಡಿಸಿದ್ದು ಸಾರ್," ಎಂದ ಮ್ಯಾನೇಜರು, ಚಮಚವನ್ನು ಜೀವಮಾನದಲ್ಲಿ ಮೊದಲ ಸಲ ನೋಡುತ್ತಾ.

ಅಧ್ಯಕ್ಷರು ಕಾರಿನಿಂದ ಇಳಿದದ್ದೇ ತಡ, ಎಂಜಿನ್ ಸಾಹೇಬ ಸೀಟು ಎಬ್ಬಿಸಿ ಚಮಚ ಹೊರತೆಗೆದ. ಹಿಂದೆ ಮುಂದೆ ತಿರುಗಿಸಿದ. ಹಿಡಿಯ ಬೆನ್ನಿನಲ್ಲಿ ಇರುವೆಯ ಸಾಲಿನಷ್ಟು ಸಣ್ಣ ಅಕ್ಷರದ ಮುದ್ರೆ ಇತ್ತು. ಅದನ್ನು ಓದಿದವನೇ ಚಮಚಕ್ಕೆ ಮುತ್ತು ಕೊಟ್ಟು ಕುಣಿದಾಡಿದ.

"ಇದು ಅವರ ದೇಶದಲ್ಲೇ ಮಾಡಿದ್ದಂತೆ," ಎಂದಳು ದುಭಾಷಿ. ಅವಳೂ ಮುದ್ರೆ ಓದಿ ನೋಡಿದಳು. "ನಿಜ. ಊರಿನ ಹೆಸರೂ ಇದೆ. ಇವರ ಎಂಜಿನ್ ಕಾರ್ಖಾನೆ ಇರೋ ಬೀದಿಯಂತೆ."

ಅತ್ತೆ ಹನ್ನೆರಡು ವರ್ಷ ಹೇಳಿದ್ದು ಸತ್ಯವಾಗಿತ್ತು. ಆ ಸತ್ಯಕ್ಕೆ ಬೇರೆ ದಿನ ಸಿಕ್ಕಿರಲಿಲ್ಲ. ಚಮಚ ಎಂಜಿನ್ ದೇಶದ ಕಾಲಮ್ಮಿಗೆ ಹೋಯಿತು, ಸಾಹೇಬ ಸಂತೃಪ್ತನಾಗಿ ಸಹಿ ಹಾಕಿದ. ಅಧ್ಯಕ್ಷರು ಎಲ್ಲವನ್ನೂ ನೋಡಿ ಮೆಲ್ಲಗೆ ಕೇಳಿದರು:

"ಅದ್ಸರಿ, ಬೆಳಿಗ್ಗೆ ಇದ್ದಿದ್ದನ್ನ ಮಧ್ಯೆ ತೆಗೆದೋರು ಯಾರು?"

ಆರು ಬೆರಳು ಒಟ್ಟಿಗೆ ಎದ್ದು ಹಂಗಾಮಿಯತ್ತ ತಿರುಗಿದವು. ನಾಲ್ಕು ದೇಶದ್ದು ನಾಲ್ಕು, ಮ್ಯಾನೇಜರದು ಒಂದು. ಆರನೆಯದು ರುಚಿನೋಡಪ್ಪನದು, ಅದಕ್ಕೆ ಬಟಾಣಿ ಮೆತ್ತಿತ್ತು. ಅಂತರರಾಷ್ಟ್ರೀಯ ಸಹಕಾರ ಎಂದರೇನೆಂದು ಆ ಕಾರ್ಖಾನೆ ಅವತ್ತು ಮೊದಲ ಸಲ ಕಂಡಿತು.

"ಕೇಳದೆ ಕಾರಿನ ಭಾಗ ಕಿತ್ತು ಕಾಲುಚೀಲಕ್ಕೆ ಹಾಕ್ಕೊಳೋನು," ಎಂದರು ಅಧ್ಯಕ್ಷರು ಕೋಟು ತೊಡುತ್ತಾ. "ಕೆಲಸದಿಂದ ತೆಗೀಬೇಡಿ, ಪಾಪ. ಹೇಗಿದಾನೋ ಹಾಗೇ ಇರ್ಲಿ."

ಚಮಚವನ್ನು ಸೀಟಿನ ಕೆಳಗೆ ಭದ್ರವಾಗಿ ಕೂರಿಸಿ, ನಾಲ್ಕಕ್ಕೆ ಸರಿಯಾಗಿ ಕಾರು ಗೇಟು ದಾಟಿತು. ಗೇಟಿನ ಹಂಪಿನ ಮೇಲೆ ಒಂದು ಸಲ ಟಿಣ್ ಎಂದಿತು. ಅಧ್ಯಕ್ಷರು ಅದೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋದರು.

ಅವರು ಹೋದ ಮೇಲೆ ಎಂಜಿನ್ ಸಾಹೇಬ ಹೊಸ ತಕರಾರು ತೆಗೆದ. ಮುಂದಿನ ಕಾರುಗಳಿಗೆಲ್ಲ ಚಮಚ ಮಾಡಿಕೊಡಬೇಕಾದರೆ ಅಧ್ಯಕ್ಷರ ಸಹಿ ಇರುವ ಆರ್ಡರು ಇವತ್ತೇ ಬೇಕಂತೆ. ಅಧ್ಯಕ್ಷರು ಆಗಲೇ ಆಕಾಶದ ದಾರಿಯಲ್ಲಿದ್ದರು. ಅವರ ಸಹಿ ಇದ್ದ ಕಾಗದ ಇಡೀ ಕಾರ್ಖಾನೆಯಲ್ಲಿ ಒಂದೇ ಒಂದು. ಅದು ಮ್ಯಾನೇಜರ ಡ್ರಾಯರಿನಲ್ಲಿತ್ತು.

ಮ್ಯಾನೇಜರು ಬೆರಳಗಲದ ಬಿಳಿ ಕಾಗದ ಕತ್ತರಿಸಿ ಹಂಗಾಮಿಯ ಹೆಸರಿನ ಮೇಲೆ ಅಂಟಿಸಿದ. ಅದರ ಮೇಲೆ ಬರೆಯಲು ಪೆನ್ನು ಬೇಕಾಗಿತ್ತು. ಹಂಗಾಮಿಯ ಜೇಬಿನಲ್ಲಿ ಎಂಜಿನ್ ಸಾಹೇಬ ಕೊಟ್ಟದ್ದು ಇತ್ತು. ಹಂಗಾಮಿಗೆ ನಿಜವಾಗಿಯೂ ಅಳು ಬಂತು. ಆದರೂ ಪೆನ್ನು ಕೊಟ್ಟ.

ಸಂಜೆ ಮನೆ ಬಾಗಿಲಲ್ಲಿ ಮೂವರು ಕಾಯುತ್ತಿದ್ದರು. ಹೆಂಡತಿ, ಮೇಲ್ಮನೆಯಾಕೆ, ಮತ್ತು ತೊಡೆಯ ಮೇಲೆ ಮಖಮಲ್ಲಿನ ಪೆಟ್ಟಿಗೆ ತೆರೆದಿಟ್ಟುಕೊಂಡ ಅತ್ತೆ.

"ಕಾಯಂ ಆಯ್ತೇನ್ರೀ?" ಎಂದಳು ಹೆಂಡತಿ.

"ಆಯ್ತು. ಅಧ್ಯಕ್ಷರ ಸಹಿ ಕೂಡ ಇದೆ," ಎಂದ ಹಂಗಾಮಿ ಮೆಟ್ಟಿಲ ಮೇಲೆ ಕುಸಿದು, ಆರ್ಡರಿನ ನಕಲನ್ನು ಅವಳ ಕೈಗಿಟ್ಟ.

ಮೇಲ್ಮನೆಯಾಕೆ ಚಪ್ಪಾಳೆ ತಟ್ಟಿದಳು. ಹೆಂಡತಿ ಗಟ್ಟಿಯಾಗಿ ಓದಿದಳು: "'ಬಹುಕಾಲದಿಂದ ಹಂಗಾಮಿಯಾಗಿ ನಿಷ್ಠೆಯಿಂದ ಸೇವೆ ಸಲ್ಲಿಸಿರುವ, ಹಿಂದಿನ ಸೀಟಿನ ಕೆಳಗಿನ ಚಮಚ, ಇವರನ್ನು ಈ ದಿನದಿಂದ ಕಾಯಂಗೊಳಿಸಲಾಗಿದೆ.'" ಅವಳು ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ತಾಯಿಯ ಕಡೆ ತಿರುಗಿದಳು. "ಅಮ್ಮಾ, ಕಾಯಂ ಆಗಿರೋದು ಇವರಲ್ಲ. ನಿನ್ನ ಚಮಚ."

ಅತ್ತೆ ಸಿಟ್ಟಾಗಲಿಲ್ಲ. ಕಾಗದ ಇಸಿದುಕೊಂಡು, ಕನ್ನಡಕ ಏರಿಸಿ, ಸಹಿಯನ್ನು ಚೆನ್ನಾಗಿ ನೋಡಿದರು. ಮುಖ ಅರಳಿತು. ಪೆಟ್ಟಿಗೆಯನ್ನು ಅಳಿಯನ ಮುಂದಕ್ಕೆ ತಳ್ಳಿದರು.

"ಇನ್ನೂ ಐದಿವೆ ಅಳಿಯಂದ್ರೇ. ನಾಳೆ ಹೋಗುವಾಗ ಇವನ್ನೂ ಕರ್ಕೊಂಡು ಹೋಗಿ, ಎಲ್ಲಾದ್ರೂ ಒಂದು ಕೆಲಸಕ್ಕೆ ಸೇರಿಸಿ."